ಗಂಟೆಯ ಕುಳ

ಗಂಟೆಗೆ ಸಾವಿರದಿನ್ನೂರು ನನ್ನ ದರ, ಡೀಸೆಲ್ ನನ್ನದೇ.
ಮಿಡಿಗೇಶಿಯಿಂದ ಈಚೆಗೆ ಏಳೂರಿನ ಕೆಮ್ಮಣ್ಣು
ನನ್ನ ಬೆನ್ನ ಹಿಂದೆ ಮಗ್ಗುಲು ಬದಲಿಸುತ್ತದೆ.
ಹಾಡು ಹಾಕಿಕೊಂಡು ಉಳುತ್ತೇನೆ.
ತಿರುಗಿ ನೋಡುವುದು ಕಲ್ಲು ತಾಕಿದಾಗ ಮಾತ್ರ.

ಯುಗಾದಿ ಸಂಜೆ ಪಂಚಾಂಗದಯ್ಯ ಬೆರಳೆಣಿಸಿ
'ಹೊನ್ನಾರಿಗೆ ಈ ಸಲ ಸಿಂಹ ರಾಶಿ. ಬುಧವಾರ ಬೆಳಗಿನ ಜಾವ
ಮಕಾರದವನು ಮೂಡಲಿಗೆ ಮುಖ ಮಾಡಿ ಹೂಡಬೇಕು' ಅಂದರು.
ಮಲ್ಲಣ್ಣನಿಗೆ ಮೊಣಕಾಲು. ಮುದ್ದರಂಗನಿಗೆ ಸೂತಕ.
ಉಳಿದದ್ದು ನಾನು, ಮೂಡ್ಲಗಿರಿ.
'ಟ್ರ್ಯಾಕ್ಟರ್ ತರಲಾ?' ಅಂದೆ.
ಕಟ್ಟೆಗೆ ಕಟ್ಟೆಯೇ ನಕ್ಕಿತು.

ನೇಗಿಲು ಸಿಕ್ಕಿತು ಪಟೇಲರ ಅಟ್ಟದಲ್ಲಿ,
ಮೇಣಿಯ ಬುಡಕ್ಕೆ ಕೋಳಿ ಕಾವು ಕೂತಿತ್ತು.
ಕರಿಜಾಲಿ ಮರ, ಹುಳು ಮುಟ್ಟಿಲ್ಲ;
ಈಸಿನಲ್ಲೊಂದು ಸೀಳು, ಟ್ಯೂಬಿನ ರಬ್ಬರು ಸುತ್ತಿದೆವು.
ಎತ್ತು: ಗೊಲ್ಲರಹಟ್ಟಿ ಚಿತ್ತಪ್ಪನ ಬಿಳಿ ಹಳ್ಳಿಕಾರು ಒಂದು,
ಇನ್ನೊಂದು ನೀರಿನ ಗಾಡಿಯ ಕೆಂದ, ಒಂಟಿಯಾಗಿ ಎಳೆದೇ ರೂಢಿ;
ಜೋಡಿ ಅಂದರೇನೆಂದು ಕಿವಿಯಾಡಿಸಿ ಕೇಳಿತು.

ಕುಳ?
ಮನೆಮನೆಯದೂ ಗುಜರಿಗೆ ಹೋಗಿತ್ತು, ಈರುಳ್ಳಿಯ ಬದಲಿಗೆ.
ಉಳಿದಿದ್ದು ಒಂದೇ, ಶಾಲೆಯ ಹೊಂಗೆಮರದಲ್ಲಿ,
ತಂತಿಗೆ ನೇತಾಡುತ್ತ, ಪ್ರಾರ್ಥನೆಗೆ, ಊಟಕ್ಕೆ, ಮನೆಗೆ.
ಅದರ ಸದ್ದಿಗೆ ನಾನೂ ಓಡಿದವನೇ, ಚಡ್ಡಿ ಎಳೆದುಕೊಂಡು;
ಅದು ಕುಳವೆಂದು ಯಾರೂ ಹೇಳಿರಲಿಲ್ಲ.
ಮೇಡಂ ಚೀಟಿ ಬರೆಸಿಕೊಂಡು ಬಿಚ್ಚಿಕೊಟ್ಟರು:
'ಗಂಟೆ ಒಂದು. ಬುಧವಾರ ಮಧ್ಯಾಹ್ನದೊಳಗೆ ವಾಪಸು.'

ಬೆಟ್ಟದ ನೆತ್ತಿ ಇನ್ನೂ ಮಸಿ. ನೊಗಕ್ಕೆ ಅರಿಶಿನ,
ಹಿಂದಿನ ದಿನ ಬಿದ್ದ ಅಡ್ಡಮಳೆಗೆ ಹೊಲ ಅರೆಹಸಿ.
ಮೇಣಿ ಹಿಡಿದೆ, ಸ್ಟೀರಿಂಗ್ ಹಿಡಿದಂತೆ, ಎರಡೂ ಕೈಯಲ್ಲಿ.
ನೇಗಿಲು ಕುಣಿಯಿತು. ಕುಳ ಮಣ್ಣ ಮೇಲೆ ಕೆರೆಯಿತು.
ಕೆಂದ ಬದುವಿಗೆ ನಡೆದ.

ಆಗ ದೊಡ್ಡೀರಮ್ಮ, ಬದುವಿನಾಚೆ,
ಹೆಂಗಸರು ನೇಗಿಲು ಮುಟ್ಟಬಾರದೆಂಬ ಊರಿನಲ್ಲಿ
ನೇಗಿಲು ಮುಟ್ಟದೆ ನಿಂತು:
'ಒತ್ಬ್ಯಾಡ ಕಣ್ಲಾ. ಒಂದೇ ಕೈ. ಮಗೀನ ತಲೆ ಮ್ಯಾಲೆ ಇಟ್ಟಂಗೆ.
ಕಣ್ಣು ಕುಳದ ಮ್ಯಾಲಲ್ಲ, ಆ ತುದೀ ಬೇವಿನ ಮರದ ಮ್ಯಾಲೆ.
ಕೆಂದನ್ನ ಬಯ್ಬ್ಯಾಡ, ಅವನಿಗೆ ಜೊತೆ ಹೊಸದು.'

ನಿನಗೆ ಹೇಗೆ ಗೊತ್ತೆಂದು ಯಾರೂ ಕೇಳಲಿಲ್ಲ.
ಕೇಳದಿದ್ದುದರಲ್ಲೇ ನನಗೆ ತಿಳಿಯಿತು:
ಗಂಡನ ಕಾಲು ಮುರಿದ ವರ್ಷ
ಅವಳ ಎರಡೆಕರೆ ಬೆಳುದಿಂಗಳಲ್ಲಿ ತಾನೇ ಉಳುಮೆಯಾಗಿತ್ತು;
ಊರು ಅದನ್ನು ದೇವರ ಲೆಕ್ಕಕ್ಕೆ ಬರೆದು ಸುಮ್ಮನಾಗಿತ್ತು.

ಕುಳ ಕಚ್ಚಿತು.
ಮಣ್ಣಿನ ತೂಕ ಅಂಗೈಗೆ ಬಂತು,
ಗಾಳಕ್ಕೆ ಬಿದ್ದ ಮೀನಿನ ಹಾಗೆ ಜಗ್ಗಿ, ಸಡಿಲಿ, ಮತ್ತೆ ಜಗ್ಗಿ.
ಹನ್ನೊಂದು ವರ್ಷದಿಂದ ನಾನೇ ಉಳುವ ಹೊಲ,
ನಲವತ್ತು ನಿಮಿಷದ ಕೆಲಸ.
ಇಲ್ಲಿ ಸೌಳು, ಇಲ್ಲಿ ಮೆತ್ತಗೆ,
ಇಲ್ಲಿ ಯಾವ ಕಾಲದ್ದೋ ಬಾವಿ ಮುಚ್ಚಿದ ಗಟ್ಟಿ,
ಇಲ್ಲಿ ಒಂದು ಇರುವೆಗೂಡು, ಕೆಂದ ತಾನಾಗಿ ಸುತ್ತಿ ನಡೆದದ್ದು.
ಯಾವುದೂ ಗೊತ್ತಿರಲಿಲ್ಲ.

ಮೂರು ಸಾಲು, ಅಷ್ಟೇ ಶಾಸ್ತ್ರ.
ಮೂರೂ ಸೊಟ್ಟ. ಮೂರನೆಯದು ಒಂಚೂರು ಕಡಿಮೆ.
ದೊಡ್ಡೀರಮ್ಮ ಎಲೆಯಡಿಕೆ ಉಗಿದು
'ರಾಗಿಗೇನು ಕಣ್ಣಿದ್ಯಾ? ಬುಡ ಸಡಿಲ ಇದ್ರೆ ಸಾಕು' ಅಂದಳು.

ಗಂಟೆ ಹಿಂದಿರುಗಿಸಿದೆ, ತೊಳೆಯದೆ.
ಬೆಳಿಗ್ಗೆಯೆಲ್ಲ ಮಕ್ಕಳನ್ನು ಕೂಗಿ ಕೂಗಿ ಕರೆದ ಮೇಡಂ
ಗಂಟಲು ಸರಿಮಾಡಿಕೊಂಡು ಸಹಿ ಹಾಕಿಸಿಕೊಂಡರು.

ಗುರುವಾರ ಶಾಲೆಯ ಮಗ್ಗುಲ ಹೊಲ.
ಕೀ ತಿರುಗಿಸುವ ಮೊದಲು ಅದು ಬಾರಿಸಿತು,
ಕೊಂಚ ಮಂಕಾಗಿ,
ಬಾಯಲ್ಲಿ ತುತ್ತಿಟ್ಟುಕೊಂಡೇ ಯಾರೋ ಕರೆದ ಹಾಗೆ.
ಅವತ್ತು ಹಾಡು ಹಾಕಲಿಲ್ಲ.
ಎರಡು ಮೂರು ಸಲ ತಿರುಗಿ ನೋಡಿದೆ,
ಕಲ್ಲೇನೂ ತಾಕಿರಲಿಲ್ಲ.